ಯುವಕ ಮಂಡಲಕ್ಕೂ ಒಂದು ಜೀರ್ಣೋದ್ಧಾರ

ಉಡುಪಿಯಲ್ಲಿ ಬಸ್ಸು ಹತ್ತಿ ಮಣಿಪಾಲ, ಪರ್ಕಳ, ಹಿರಿಯಡ್ಕ ದಾಟಿ ಕಾರ್ಕಳದ ಕಡೆಗೆ ಹೊರಟರೆ ಕಿಟಕಿಯಾಚೆ ಊರೂರಿಗೂ ಎರಡು ಬಗೆಯ ಕಟ್ಟಡಗಳು ಕಾಣುತ್ತವೆ. ಒಂದು, ದೇವಸ್ಥಾನವೋ ದೈವಸ್ಥಾನವೋ ಭಜನಾ ಮಂದಿರವೋ. ಹೊಸ ಬಣ್ಣ, ತಾಮ್ರದ ಹೊದಿಕೆ, ರಸ್ತೆಗೆ ಸ್ವಾಗತ ಗೋಪುರ. ಇನ್ನೊಂದು, ಯುವಕ ಮಂಡಲದ್ದೋ ಮಹಿಳಾ ಮಂಡಲದ್ದೋ ಸಭಾಭವನ. ಗೋಡೆಗೆ ಹಾವಸೆ ಹತ್ತಿದೆ, ನಾಲ್ಕಾರು ಹಂಚು ಜಾರಿವೆ, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಹೆಸರಿನ ಹಲಗೆಯಲ್ಲಿ ಸ್ಥಾಪನೆಯ ವರ್ಷ ಉಳಿದಿದೆ, ಸಂಘದ ಹೆಸರು ಅರ್ಧ ಅಳಿಸಿದೆ. ಎರಡನ್ನೂ ಕಟ್ಟಿದವರು ಅದೇ ಊರಿನ ಜನ, ಹಲವು ಕಡೆ ಅದೇ ಮನೆತನದವರು. ಹಾಗಿದ್ದ ಮೇಲೆ ಎರಡನೆಯದಕ್ಕೆ ಈ ಗತಿ ಏಕೆ ಬಂತು? ಈಚೆಗೆ ಅಲ್ಲಲ್ಲಿ ಯುವಕರು ರಜೆಯ ದಿನ ಬಣ್ಣದ ಡಬ್ಬಿ, ಬ್ರಷ್ ಹಿಡಿದು ಇಂಥ ಕಟ್ಟಡಗಳ ಮುಂದೆ ಸೇರುವುದನ್ನು ನೋಡುತ್ತಿದ್ದೇನೆ. ಅವರಿಗೆ ನಾಲ್ಕು ಮಾತು ಹೇಳಬೇಕು ಅನಿಸಿತು.

ಈ ಭವನಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೆನಪಿಸಿಕೊಳ್ಳೋಣ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸು ರಾಜ್ಯದಲ್ಲಿತ್ತು. ಹಳ್ಳಿಗಳಲ್ಲಿ ಯುವಕ ಮಂಡಲ, ಮಹಿಳಾ ಮಂಡಲ ಕಟ್ಟಿ ಎಂಬುದು ಆ ಯೋಜನೆಯ ಮುಖ್ಯ ಮಾತುಗಳಲ್ಲಿ ಒಂದು. ಒಬ್ಬರು ಐದು ಸೆಂಟ್ಸ್ ಜಾಗ ಬಿಟ್ಟುಕೊಟ್ಟರು, ಇನ್ನೊಬ್ಬರು ಮರ ಕೊಟ್ಟರು, ಉಳಿದವರು ಮುರಕಲ್ಲು ಹೊತ್ತರು. ಊರಲ್ಲಿ ವಾಲಿಬಾಲ್ ನೆಟ್ ಇಡುವ ಜಾಗ, ಕೇರಂ ಬೋರ್ಡು, ಪೇಪರ್ ಓದುವ ಮೇಜು ಅದೇ ಆಯಿತು. ಹವ್ಯಾಸಿ ಯಕ್ಷಗಾನದ ಅಭ್ಯಾಸ, ಮೊಸರು ಕುಡಿಕೆಯ ಸಭೆ, ಹೊಲಿಗೆ ತರಗತಿ, ಕಣ್ಣು ಪರೀಕ್ಷೆಯ ಶಿಬಿರ, ಚುನಾವಣೆಯ ಮತಗಟ್ಟೆ, 1975ರಲ್ಲಿ ಶುರುವಾದ ಶಿಶು ಅಭಿವೃದ್ಧಿ ಯೋಜನೆ ಬಂದ ಮೇಲೆ ಅಂಗನವಾಡಿ, ಎಲ್ಲಕ್ಕೂ ಅದೇ ಒಂದು ಹಾಲ್. ಮಣಿಪಾಲದಿಂದ 1970ರಲ್ಲಿ ‘ಉದಯವಾಣಿ’ ಹೊರಟಾಗ ಎಷ್ಟೋ ಮಂದಿ ಅದನ್ನು ಮೊದಲು ಓದಿದ್ದು ಇಂಥ ಮೇಜಿನ ಮೇಲೆಯೇ. 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದ ಮೇಲೆ ಮಂಡಲಗಳಿಗೆ ಇನ್ನೊಂದು ಸುತ್ತಿನ ಹುರುಪು ಬಂತು.

ಆಮೇಲಿನ ಕತೆ ಬೇರೆ. 1993ರ ಕೊನೆಗೆ ಸಂಸದರ ನಿಧಿ ಬಂತು, ಶಾಸಕರ ಅನುದಾನವೂ ಬಂತು. ಸಮುದಾಯ ಭವನ ಕಟ್ಟಿಸಿಕೊಳ್ಳುವುದು ಸುಲಭವಾಯಿತು. ಹೊಸದು ಕಟ್ಟಲು ಹಣ ಸಿಗುತ್ತದೆ, ಕಟ್ಟಿದ್ದನ್ನು ಕಾಪಾಡಲು ಸಿಗುವುದು ಕಷ್ಟ. ಶಿಲಾನ್ಯಾಸಕ್ಕೆ ಒಂದು ಕಲ್ಲು, ಉದ್ಘಾಟನೆಗೆ ಇನ್ನೊಂದು ಕಲ್ಲು, ಎರಡರಲ್ಲೂ ಹೆಸರುಗಳ ಸಾಲು. ಹಂಚು ಸರಿಪಡಿಸಿದ್ದಕ್ಕೆ ಕಲ್ಲು ಹಾಕಿಸಿದವರನ್ನು ನಾನಂತೂ ನೋಡಿಲ್ಲ. ಅಷ್ಟರಲ್ಲಿ ಊರಿನ ಹುಡುಗರು ಬೆಂಗಳೂರು, ಮುಂಬಯಿ, ಗಲ್ಫು ಸೇರಿದ್ದರು. ಅಧ್ಯಕ್ಷರಾಗಿದ್ದವರಿಗೆ ವಯಸ್ಸಾಯಿತು. ಬೀಗದ ಕೈ ಅವರ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತ ಉಳಿಯಿತು. ಕಟ್ಟಡ ಹಾಳಾಗಲು ಶುರುವಾಗುವುದು ಬಣ್ಣ ಮಾಸಿದ ದಿನವಲ್ಲ. ಕೈ ಯಾರ ಬಳಿ ಇದೆ ಎಂದು ನಾಲ್ಕು ಮನೆ ವಿಚಾರಿಸಬೇಕಾಗಿ ಬಂದ ದಿನ.

ಊರಲ್ಲಿ ಕೆಲಸ ಮಾಡುವವರಿಲ್ಲ, ಈಗಿನವರಿಗೆ ಆಸಕ್ತಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಜೀರ್ಣೋದ್ಧಾರ ಮಾಡಬಲ್ಲ ಜನ ಎಲ್ಲಿದ್ದಾರೆ? ಕಾಪುವಿನ ಹೊಸ ಮಾರಿಗುಡಿ ನಮ್ಮ ಕಣ್ಣೆದುರೇ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಎದ್ದು ನಿಂತಿತು. 2025ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಅಲ್ಲಿ ಬ್ರಹ್ಮಕಲಶೋತ್ಸವ ನಡೆದಾಗ ಬಡಿಸಲು, ಗುಡಿಸಲು, ವಾಹನ ನಿಲ್ಲಿಸಲು ಊರೂರಿನಿಂದ ಸ್ವಯಂಸೇವಕರು ಬಂದರು. ಸಣ್ಣ ಊರಿನ ಸಣ್ಣ ಗುಡಿಗೂ ಇದೇ ಕ್ರಮ. ಮೊದಲು ಜೀರ್ಣೋದ್ಧಾರ ಸಮಿತಿ, ಆಮೇಲೆ ವಿಜ್ಞಾಪನಾ ಪತ್ರ, ರಾತ್ರಿ ಹೊತ್ತು ಕರಸೇವೆ, ಕಡೆಗೆ ಹೊರೆಕಾಣಿಕೆ. ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳ ಹೊತ್ತ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಯಾರ ಮನೆಯಿಂದ ಏನು ಬಂತು ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ. ಇದಕ್ಕೆ ಕಾಲದ ಕಟ್ಟೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ ಆಗಬೇಕು. ಕಾರ್ಕಳದಲ್ಲಿ 1432ರಲ್ಲಿ ನಿಂತ ಬಾಹುಬಲಿಗೂ ಹನ್ನೆರಡು ವರ್ಷದ ಲೆಕ್ಕದಲ್ಲೇ ಮಹಾಮಸ್ತಕಾಭಿಷೇಕ. 2015ರಲ್ಲಿ ಆದದ್ದು ಹಾಗೆ. ಸುತ್ತ ಅಟ್ಟಳಿಗೆ ಕಟ್ಟಿ ಜನ ಮೂರ್ತಿಯ ತಲೆಯ ತನಕ ಹತ್ತಿದಾಗ ಕಲ್ಲಿಗೆ ಎಲ್ಲಿ ಏನಾಗಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಭಕ್ತಿಯ ಜೊತೆಗೆ ಇದೊಂದು ನಿರ್ವಹಣೆಯ ವ್ಯವಸ್ಥೆ. ಸಭಾಭವನಕ್ಕೆ ನಾವು ಕೊಡದೆ ಉಳಿಸಿಕೊಂಡಿರುವುದು ಇದನ್ನೇ: ತಿಥಿ ಗೊತ್ತಿರುವ ಒಂದು ಜೀರ್ಣೋದ್ಧಾರ.

ಹಳೆಯ ಕಟ್ಟಡ ಎಂದಾಗ ಮಣಿಪಾಲದವರಿಗೆ ವಿಜಯನಾಥ ಶೆಣೈ ಅವರ ನೆನಪಾಗದೆ ಇರದು. 1934ರಲ್ಲಿ ಹುಟ್ಟಿದವರು, ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿಕೊಂಡಿದ್ದವರು. ವಾಸ್ತುಶಿಲ್ಪ ಕಲಿತು ಬಂದವರಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರಿಗೆ ನ್ಯಾಯ ಕೊಟ್ಟಿತು. ಅದರ ಜೊತೆಗೇ, ಗೇಣಿಯ ಅಕ್ಕಿಯ ಮೇಲೆ ನಿಂತಿದ್ದ ದೊಡ್ಡ ಮನೆಗಳ ಕಾಲ ಮುಗಿಯಿತು. ಕೂಡುಕುಟುಂಬಗಳು ಪಾಲಾದವು. ನಾಲ್ಕು ಸುತ್ತಿನ ಮನೆಯನ್ನು ಇಬ್ಬರು ಮುದುಕರು ನೋಡಿಕೊಳ್ಳುವುದು ಹೇಗೆ? ಕಂಬ, ಬಾಗಿಲು, ಮುಚ್ಚಿಗೆ, ತೊಲೆ ಎಲ್ಲ ಮರದ ಬೆಲೆಗೆ ಮಾರಿಹೋಗುತ್ತಿದ್ದವು. ಶೆಣೈ ಅವರು ಅವನ್ನು ಹುಡುಕಿಕೊಂಡು ಹೋದರು. ಕೆಡವುತ್ತಿದ್ದ ಮನೆಗಳ ಭಾಗಗಳನ್ನು ತಂದು ಮಣಿಪಾಲದಲ್ಲಿ ತಮ್ಮ ವಾಸದ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿಕೊಂಡರು. ಆ ಮನೆಯನ್ನು ನೋಡಲು ಜನ ಬರತೊಡಗಿದರು. ಒಂದು ಮನೆ ಸಾಲದು ಎಂದು ಅವರಿಗೆ ಹೊಳೆದದ್ದು ಆಮೇಲೆ. ಅನಂತನಗರದಲ್ಲಿ ಸುಮಾರು ಆರು ಎಕರೆ ಜಾಗದಲ್ಲಿ ಇಡಿಯ ಮನೆಗಳನ್ನೇ ತಂದು ನಿಲ್ಲಿಸುವ ಕೆಲಸಕ್ಕೆ ಇಳಿದರು.

ಅಲ್ಲಿ ಕುಂಜೂರಿನ ಚೌಕಿಮನೆ ಇದೆ, ಮಿಯಾರಿನ ಮನೆ ಇದೆ, ಕುಂದಾಪುರದ ಕಡೆಯ ಹರ್ಕೂರು ಒಳಗಿನಮನೆ ಇದೆ. ಕುಕನೂರಿನ ಕಮಲಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್, ಭಟ್ಕಳದ ನವಾಯತರ ಮನೆ, ಮಂಗಳೂರಿನ ಕ್ರೈಸ್ತರ ಮನೆ ಎಲ್ಲ ಒಂದೇ ಆವರಣದಲ್ಲಿವೆ. ಬಿಚ್ಚುವಾಗ ಪ್ರತಿ ತುಂಡಿಗೂ ಗುರುತು ಹಾಕಬೇಕು, ನಕ್ಷೆ ಬರೆಯಬೇಕು, ಲಾರಿಯಲ್ಲಿ ತರಬೇಕು, ಹೇಗೆ ಬಿಚ್ಚಿದರೋ ಹಾಗೆಯೇ ಜೋಡಿಸಬೇಕು. ಒಂದು ಪಕ್ಕಾಸು ಅದಲುಬದಲಾದರೂ ಮಾಡಿನ ಓಟ ತಪ್ಪುತ್ತದೆ. ಈ ಕೆಲಸ ಗೊತ್ತಿದ್ದದ್ದು ಹಳೆಯ ಆಚಾರಿಗಳಿಗೆ ಮಾತ್ರ. ಅವರ ಜೊತೆ ಹಗಲಿಡೀ ನಿಂತು, ಹಣಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತಿ, ಹೊರದೇಶಗಳ ನೆರವನ್ನೂ ಪಡೆದು ಶೆಣೈ ಅವರು ಇದನ್ನು ಮಾಡಿದರು. 2017ರಲ್ಲಿ ತೀರಿಕೊಂಡರು. ಆ ಆವರಣದ ಪ್ರವೇಶಕ್ಕೆ ಟಿಕೇಟು ಇದೆ, ಗೈಡ್ ಜೊತೆಗೇ ಸುತ್ತಬೇಕು. ಮಣಿಪಾಲದಲ್ಲಿ ಓದುವ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆ ಎಂದು ಕೇಳಿದರೆ ನಿಮಗೆ ಬೇಸರವಾಗಬಹುದು.

ಶೆಣೈ ಅವರ ಕೆಲಸ ದೊಡ್ಡದು, ಆದರೆ ಯುವಕ ಮಂಡಲಕ್ಕೆ ಅದು ಮಾದರಿಯಲ್ಲ. ಅವರು ಉಳಿಸಿದ್ದು ಇನ್ನು ಯಾರೂ ವಾಸಮಾಡದ ಮನೆಗಳನ್ನು. ಸಭಾಭವನ ಇದ್ದಲ್ಲೇ ಇರಬೇಕು, ಅದರಲ್ಲಿ ನಾಳೆಯೂ ಮಕ್ಕಳು ಕೇರಂ ಆಡಬೇಕು. ಅವರಿಂದ ಕಲಿಯಬೇಕಾದದ್ದು ಒಂದಿದೆ: ಕಟ್ಟಡವನ್ನು ಮುಟ್ಟುವ ಮೊದಲು ಅದನ್ನು ಓದುವುದು. ಭಾನುವಾರ ಬ್ರಷ್ ಹಿಡಿದು ಬರುವ ನಮ್ಮ ಹುಡುಗರು ತಪ್ಪುವುದು ಇಲ್ಲೇ.

ಅವರು ಮೊದಲು ಬಣ್ಣ ಹಚ್ಚುತ್ತಾರೆ. ನಮ್ಮದು ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು. ಮಾರ್ಚಿನಲ್ಲಿ ಹಚ್ಚಿದ ಬಣ್ಣ ಆಗಸ್ಟಿನಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಬಣ್ಣದ ಕಂಪೆನಿಯನ್ನು ಬಯ್ದು ಫಲವಿಲ್ಲ, ನೀರು ಗೋಡೆಯ ಒಳಗಿತ್ತು. ಕಟ್ಟಡದ ನಿಜ ತಿಳಿಯುವುದು ಆಟಿಯಲ್ಲಿ. ಆಟಿ ತಿಂಗಳ ಒಂದು ಜಡಿಮಳೆಯ ದಿನ ಕೊಡೆ ಹಿಡಿದು ಹೋಗಿ, ಬೀಗ ತೆಗೆಸಿ, ಒಳಗೆ ನಿಂತು ನೋಡಿ. ಎಲ್ಲಿ ಸೋರುತ್ತದೆ, ಯಾವ ಗೋಡೆ ಒದ್ದೆ, ಒದ್ದೆ ಮೇಲಿನಿಂದ ಇಳಿದದ್ದೋ ಕೆಳಗಿನಿಂದ ಏರಿದ್ದೋ, ನೆಲಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಫೋನಿನಲ್ಲಿ ಪಟ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಕೆಲಸ ಮಾಡುವವರಿಗೆ ಆ ಪಟಗಳೇ ನಕ್ಷೆ.

ಮಾಡಿನಿಂದ ಶುರುಮಾಡಬೇಕು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಮಾಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಂಚಿನವು. ಗಾರೆ ಬೇಡ, ಮೊಳೆ ಬೇಡ. ಒಂದು ಹಂಚು ಒಡೆದರೆ ಅದನ್ನಷ್ಟೇ ತೆಗೆದು ಬೇರೆ ಇಡಬಹುದು. ಮಂಗ, ಬೆಕ್ಕು, ಮೇಲೆ ಬಿದ್ದ ತೆಂಗಿನ ಮಡಲು ಯಾವುದರಿಂದಲೋ ಒಂದು ಹಂಚು ಜಾರಿರುತ್ತದೆ. ಆ ಒಂದು ಹಂಚನ್ನು ಸರಿಪಡಿಸದೆ ಮೂರು ಮಳೆಗಾಲ ಬಿಟ್ಟರೆ ಕೆಳಗಿನ ರೀಪು, ಅದರ ಕೆಳಗಿನ ಪಕ್ಕಾಸು, ಅದು ಕೂತ ಗೋಡೆ ಎಲ್ಲ ಹೋಗುತ್ತವೆ. ಹಳೆಯ ಹಂಚಿಗೆ ಹೊಸ ಕಾರ್ಖಾನೆಯ ಹಂಚು ಕೂರುವುದಿಲ್ಲ, ಅಚ್ಚು ಬೇರೆ. ಕೆಡವಿದ ಮನೆಗಳ ಸಾಮಾನು ಮಾರುವಲ್ಲಿ ಹುಡುಕಿದರೆ ಅದೇ ಹೆಸರು ಒತ್ತಿದ ಹಂಚು ಸಿಗುತ್ತದೆ. ಮರಕ್ಕೆ ಒರಲೆ ಹತ್ತದ ಹಾಗೆ ಗೇರೆಣ್ಣೆ ಬಳಿಯುವುದು ನಮ್ಮ ಹಿರಿಯರ ಕ್ರಮ. ಗೇರುಬೀಜದ ಕಾರ್ಖಾನೆಗಳಿರುವ ಕಾರ್ಕಳದ ಕಡೆ ಅದಕ್ಕೆ ಬರವಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಮಾಡಿನ ಮೇಲೆ ಹತ್ತುವುದು ಅಭ್ಯಾಸ ಇದ್ದವರ ಕೆಲಸ. ಅದಕ್ಕೆ ಸಂಬಳ ಕೊಟ್ಟು ಜನ ಕರೆಯಿರಿ. ಸ್ವಯಂಸೇವೆ ಎಂದು ಹುಡುಗರನ್ನು ಹಾವಸೆ ಹಿಡಿದ ಹಂಚಿನ ಮೇಲೆ ಹತ್ತಿಸಬೇಡಿ.

ಆಮೇಲೆ ಬುಡ. ರಸ್ತೆಗೆ ಪ್ರತಿ ಸಲ ಡಾಂಬರು ಹಾಕುವಾಗಲೂ ರಸ್ತೆ ಏರುತ್ತದೆ, ಜೊತೆಗೆ ಅಂಗಳದ ಮಣ್ಣೂ ಏರುತ್ತದೆ. ಕಟ್ಟಡ ತಗ್ಗಿನಲ್ಲಿ ಉಳಿಯುತ್ತದೆ. ತಳಪಾಯಕ್ಕೆ ತಾಗಿದ ಮಣ್ಣನ್ನು ಕಡಿದು ತೆಗೆದು, ಮಾಡಿನ ನೀರು ಬೀಳುವಲ್ಲಿ ಚರಂಡಿ ಮಾಡಿ ನೀರನ್ನು ದೂರ ಕಳಿಸಿದರೆ ಅರ್ಧ ಒದ್ದೆ ತಾನೇ ಹೋಗುತ್ತದೆ. ಇದಕ್ಕೆ ಬೇಕಾದದ್ದು ಹಾರೆ, ಪಿಕ್ಕಾಸು, ಬುಟ್ಟಿ, ಹತ್ತಾರು ಜನ. ಸ್ವಯಂಸೇವಕರಿಗೆ ಹೇಳಿ ಮಾಡಿಸಿದ ಕೆಲಸ ಇದು. ಫೋಟೋದಲ್ಲಿ ಚೆಂದ ಕಾಣುವುದಿಲ್ಲ, ಅಷ್ಟೇ.

ಗೋಡೆ ಮುರಕಲ್ಲಿನದು, ಗಾರೆ ಸುಣ್ಣದ್ದು ಆಗಿದ್ದರೆ ಅದಕ್ಕೆ ಪ್ಲಾಸ್ಟಿಕ್ಕಿನಂಥ ಬಣ್ಣ ಹಚ್ಚಬೇಡಿ. ಮುರಕಲ್ಲು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಎಳೆಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣ ಹಚ್ಚಿದ ಗೋಡೆಯಿಂದ ಆ ತೇವ ಹೊರಗೆ ಹೋಗುತ್ತದೆ. ಎಮಲ್ಷನ್ ಬಳಿದರೆ ದಾರಿ ಮುಚ್ಚುತ್ತದೆ. ಒಳಗಿನ ಉಪ್ಪು ಹೊರಗೆ ಬರಲು ನೋಡಿ ಬಣ್ಣವನ್ನು ಎಬ್ಬಿಸುತ್ತದೆ. ನಮ್ಮ ಹೊಳೆಬಾಯಿಗಳ ಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣ ಈಗ ಕಡಿಮೆ, ಆದರೂ ಸುಣ್ಣ ಸಿಗದ ಊರಿಲ್ಲ. ಕೆಲವು ದಿನ ಮುಂಚೆ ನೀರಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಮೂರು ಸಲ ಬಳಿಯಬೇಕು. ದಪ್ಪ ಒಂದು ಸಲ ಬಳಿದರೆ ಅಂಗಿಗೆ ಹತ್ತುತ್ತದೆ, ಗೋಡೆಗೆ ಹತ್ತುವುದಿಲ್ಲ. ಬುಡದ ಮೂರಡಿಗೆ ಕಾವಿ ಬಣ್ಣ ಕೊಡಿ. ಮಾಡಿನ ನೀರು ಕೆಂಪು ಮಣ್ಣಿಗೆ ಬಿದ್ದು ಸಿಡಿಯುವ ಊರಲ್ಲಿ ಹಿರಿಯರು ಗೋಡೆಯ ಬುಡ ಕೆಂಪಾಗಿಸಿದ್ದು ಸುಮ್ಮನೆ ಅಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ಹೆಸರು ಹೇಳಿಕೊಳ್ಳದೆ ಬೀದಿಮೂಲೆಗಳನ್ನು ಚೊಕ್ಕಮಾಡಲು ಹೊರಟ ‘ದಿ ಅಗ್ಲಿ ಇಂಡಿಯನ್’ ತಂಡವೂ ಗೋಡೆಯ ಕೆಳಭಾಗಕ್ಕೆ ಕೆಂಪು ಬಳಿಯಿತು. ಅವರ ಕಾರಣ ಬೇರೆ, ಎಲೆಯಡಿಕೆ ಉಗುಳಿದ ಕಲೆ. ಮದ್ದು ಒಂದೇ.

ಇನ್ನು ಎರಡು ಎಚ್ಚರಿಕೆ. ಹಳೆಯ ಬಾಗಿಲು ಕಿಟಕಿಗಳ ಎನಾಮೆಲ್ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಒಣಗಿದ್ದ ಹಾಗೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ, ಮುಖಕ್ಕೆ ಮಾಸ್ಕ್ ಹಾಕಿ, ಕೆರೆದದ್ದನ್ನು ಅಂಗಳದಲ್ಲಿ ಸುರಿಯದೆ ಕಟ್ಟಿ ಸಾಗಿಸಿ. ಅದೇ ಅಂಗಳದಲ್ಲಿ ನಾಳೆ ಅಂಗನವಾಡಿಯ ಮಕ್ಕಳು ಮಣ್ಣಾಟ ಆಡುತ್ತಾರೆ, ಸೀಸ ಹೆಚ್ಚು ಕೆಡುಕು ಮಾಡುವುದು ಅವರಿಗೇ. ಎರಡನೆಯದು, ಹಂಚಿನ ಬದಲು ಹೊದಿಸಿದ ಹಳೆಯ ಸಿಮೆಂಟ್ ಶೀಟು. ಅದರಲ್ಲಿ ಕಲ್ನಾರು ಇರುತ್ತದೆ. ಒಡೆಯಬೇಡಿ, ಕೊಯ್ಯಬೇಡಿ. ಇದ್ದ ಹಾಗೆ ಬಿಡಿ, ತೆಗೆಯಲೇಬೇಕಾದರೆ ಇಡಿಯಾಗಿ ಬಿಚ್ಚಿಸಿ.

ಇಷ್ಟೆಲ್ಲ ಆದ ಮೇಲೆ ಬಣ್ಣ. ಬಣ್ಣದ ದಿನ ಊರವರನ್ನೆಲ್ಲ ಕರೆಯಿರಿ. ಮಣಿಪಾಲದ ಹಾಸ್ಟೆಲುಗಳಲ್ಲಿ ದೇಶದ ಮೂಲೆಮೂಲೆಯ ಮಕ್ಕಳಿದ್ದಾರೆ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಹೆಸರು ಕೊಟ್ಟವರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅವರು ಬರುತ್ತಾರೆ, ಉತ್ಸಾಹದಿಂದಲೇ ಬರುತ್ತಾರೆ. ಗೋಡೆಯ ಮೇಲೆ ಚಿತ್ರ ಬರೆಯಬೇಕು ಎನ್ನುತ್ತಾರೆ. ಬರೆಯಲಿ. ಆದರೆ ಏನು ಬರೆಯಬೇಕು ಎಂದು ಆ ಗೋಡೆಯನ್ನು ದಿನಾ ನೋಡಬೇಕಾದವರನ್ನು ಕೇಳಿ ಬರೆಯಲಿ. ಊರಿನ ಹೆಂಗಸರು ಕುಚ್ಚಲಕ್ಕಿ ಗಂಜಿ, ಚಟ್ನಿ ಮಾಡಿ ಬಡಿಸುವುದು, ಆ ಮಕ್ಕಳು ಅದನ್ನು ಮೊದಲ ಸಲ ಉಣ್ಣುವುದು ಇವೆಲ್ಲ ಚೆಂದವೇ. ಹೆಂಗಸರನ್ನು ಗಂಜಿಗೆ ಮಾತ್ರ ಕರೆದು ಸಮಿತಿಗೆ ಗಂಡಸರೇ ಕೂರುವುದು ಚೆಂದವಲ್ಲ. ಮಹಿಳಾ ಮಂಡಲದ, ಸ್ವಸಹಾಯ ಗುಂಪಿನ ಸಭೆಗಳಿಗಾಗಿ ಈ ಹಾಲ್ ಅನ್ನು ಈಗ ಹೆಚ್ಚು ಬಳಸುವವರು ಅವರೇ.

ಒಂದು ಭಾನುವಾರ ಬಂದು ಹೋಗುವುದು ಬೇರೆ, ಮತ್ತೆ ಮತ್ತೆ ಬರುವುದು ಬೇರೆ. ಮಂಗಳೂರಿನ ರಾಮಕೃಷ್ಣ ಮಿಶನ್ 2015ರಿಂದ ನಾಲ್ಕಾರು ವರ್ಷ ನಡೆಸಿದ ಸ್ವಚ್ಛ ಮಂಗಳೂರು ಅಭಿಯಾನದ ಬಲ ಇದ್ದದ್ದು ಅಲ್ಲೇ. ಭಾನುವಾರ ಬೆಳಿಗ್ಗೆ ಎಂದರೆ ಭಾನುವಾರ ಬೆಳಿಗ್ಗೆ. ಬಸ್ ತಂಗುದಾಣಗಳಿಗೆ ಬಣ್ಣ ಬಳಿದರು, ಗೋಡೆಗಳ ಪೋಸ್ಟರ್ ಕಿತ್ತರು, ಯಾರೋ ಮತ್ತೆ ಅಂಟಿಸಿದರೆ ಮತ್ತೆ ಕಿತ್ತರು.

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. ಅಲ್ಲಿನ ದೊಡ್ಡ ಮಸೀದಿ ಪೂರಾ ಮಣ್ಣಿನದು, ಈಗಿನ ಕಟ್ಟಡ 1907ರದ್ದು. ಮಳೆಗೆ ಮಣ್ಣು ಕರಗುತ್ತದೆ. ಅದಕ್ಕಾಗಿ ವರ್ಷವರ್ಷವೂ ಮಳೆಗಾಲಕ್ಕೆ ಮೊದಲು ಊರಿಗೆ ಊರೇ ಸೇರಿ ಹೊಸ ಮಣ್ಣು ಮೆತ್ತುತ್ತದೆ. ಕೇರಿಕೇರಿಯ ಹುಡುಗರಲ್ಲಿ ಯಾರು ಮೊದಲು ಮುಗಿಸುತ್ತಾರೆ ಎಂದು ಪೈಪೋಟಿ, ವಾದ್ಯ, ಊಟ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ್ದರೆ ಆ ಹಬ್ಬವೂ ಇರುತ್ತಿರಲಿಲ್ಲ, ಪ್ರಾಯಶಃ ಆ ಕಟ್ಟಡವೂ ಇಷ್ಟು ಚೆನ್ನಾಗಿ ಇರುತ್ತಿರಲಿಲ್ಲ. ನಮಗೂ ಅಂಥದೇ ಒಂದು ದಿನ ಪಂಚಾಂಗದಲ್ಲಿ ಸಿದ್ಧವಾಗಿಯೇ ಇದೆ. ಬೇಶ ತಿಂಗಳ ಹತ್ತನೆಯ ದಿನ, ಮೇ ತಿಂಗಳ 24 ಅಥವಾ 25ರ ಹೊತ್ತಿಗೆ ಬರುವ ಪತ್ತನಾಜೆ. ಅಂದಿಗೆ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಹತ್ತೇ ದಿನದಲ್ಲಿ ಮಳೆ. ಊರಿನ ಸಭಾಭವನದ ಮಾಡು ಹತ್ತಿ ಹಂಚು ನೋಡುವುದು, ಚರಂಡಿ ಬಿಡಿಸುವುದು ಪತ್ತನಾಜೆಯ ಒಳಗೆ ಮುಗಿಯಬೇಕು ಎಂದು ಪ್ರತಿ ಮಂಡಲವೂ ನಿಯಮ ಮಾಡಿಕೊಂಡರೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ದೊಡ್ಡ ಜೀರ್ಣೋದ್ಧಾರದ ಖರ್ಚು ಬಹಳ ಇಳಿಯುತ್ತದೆ.

ಬಣ್ಣ ಒಣಗಿದ ಮೇಲೆ ಮತ್ತೆ ಬೀಗ ಹಾಕಿದರೆ ಇದೆಲ್ಲ ವ್ಯರ್ಥ. ಬಾಗಿಲು ಮುಚ್ಚಿದ ಕಟ್ಟಡಕ್ಕೆ ಗಾಳಿಯಿಲ್ಲ, ಗಾಳಿಯಿಲ್ಲದೆ ಗೋಡೆ ಒಣಗುವುದಿಲ್ಲ. ವಾರದಲ್ಲಿ ಮೂರು ಸಂಜೆಯಾದರೂ ತೆರೆದಿರಲಿ. ಒಂದು ಸಂಜೆ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ, ಒಂದು ಸಂಜೆ ಹತ್ತನೇ ತರಗತಿಯವರಿಗೆ ಗಣಿತ, ಒಂದು ಸಂಜೆ ಹಿರಿಯರಿಗೆ ರಕ್ತದೊತ್ತಡ ನೋಡುವುದು. ಬೀಗದ ಕೈ ಮೂರು ಮನೆಯಲ್ಲಿರಲಿ, ಅದರಲ್ಲಿ ಒಂದು ಕಟ್ಟಡದ ಪಕ್ಕದ ಮನೆಯಾಗಿರಲಿ. ಬಾಗಿಲ ಹತ್ತಿರ ಒಂದು ಪುಸ್ತಕ ಇರಲಿ. ಯಾವಾಗ ಹಂಚು ಸರಿಪಡಿಸಿದ್ದು, ಯಾವ ಸುಣ್ಣ, ಯಾವ ಬಣ್ಣ, ಎಷ್ಟು ಖರ್ಚು, ಯಾರು ದುಡಿದರು ಎಂದು ಅದರಲ್ಲಿ ಬರೆದಿಡಿ. ಮುಂದೆ ಕೆಲಸ ಮಾಡುವವರು ಈಗ ಅಂಗನವಾಡಿಯಲ್ಲಿದ್ದಾರೆ, ಅವರಿಗೆ ಬೇಕಾಗುತ್ತದೆ.

ನಿಮ್ಮ ಊರಲ್ಲೂ ಇಂಥ ಒಂದು ಕಟ್ಟಡ ಇದ್ದೇ ಇರುತ್ತದೆ. ಬಣ್ಣದ ಅಂಗಡಿಗೆ ಹೋಗುವ ಮುಂಚೆ ಅದರ ಕೈ ಯಾರ ಮನೆಯಲ್ಲಿದೆ ಎಂದು ಕೇಳಿ ತಿಳಿಯಿರಿ. ಸಿಕ್ಕಿದರೆ ಈ ಆಟಿಯಲ್ಲಿ ಇಬ್ಬರು ಜೊತೆಯಾಗಿ ಹೋಗಿ, ಬಾಗಿಲು ತೆಗೆದು, ಎಲ್ಲಿ ಸೋರುತ್ತದೆ ನೋಡಿ ಬನ್ನಿ.